ಚಂದ್ರಕಾಳಿ

ಅಕ್ಕಾರ, ನಿಮ್ಮ ಮಗಳಿಗೆ ಬೈಬ್ಯಾಡ್ರಿ. ನಿನ್ನೆ ಸಂಜೀಕ ಅಕಿ ಫಾಲ್ಸಿನ ತೂಗುಸೇತುವಿ ಕಡೆ ಹೊಂಟಾಗ ನಾನೂ ಬೇಲಿ ಮ್ಯಾಲಿಂದ ನೋಡೀನಿ. ಹಳೀ ಕಾಲದ ಕರೀ ಡ್ರೆಸ್, ಕುತ್ತಿಗಿ ತನಕ ಕರೀ ಲೇಸು, ಕೈಯಾಗ ಬೆಳ್ಳಿ, ಉಗುರಿಗೂ ಕರೀ ಬಣ್ಣ. ನೀವು "ಹೆಣ್ಣುಡುಗಿ ಕರೀ ಅರಿವಿ ಹಾಕಬಾರದು" ಅಂದ್ರಿ, ಅಕಿ ಮಾರಿ ಸಣ್ಣದಾತು. ನನಗ ಸಂಕಟ ಆತು. 1885ರ ನೂಲಿನ ಗಿರಣಿ ಭೋಂಗಾ ಕೇಳಿ ಬೆಳೆದ ಊರಿನ ಹುಡುಗಿ ಅರಿವಿ ಮ್ಯಾಲೆ ಜೀವಾ ಇಟ್ಟರ ತಪ್ಪೇನ್ರಿ?

ಆ ಡ್ರೆಸ್ಸಿನ ಕತಿ ಅಕೀನ ಹೇಳಿದ್ಲು. 1926ರಾಗ ಪ್ಯಾರಿಸ್ಸಿನ ಕೊಕೊ ಶನೆಲ್ ಮಾಡಿದ ಸಾದಾ ಕರೀ ಡ್ರೆಸ್ಸಿನ ಚಿತ್ರಾ ವೋಗ್ ಪತ್ರಿಕೆದಾಗ ಬಂತು, ಅದನ್ನ ಫೋರ್ಡ್ ಮೋಟಾರಿಗೆ ಹೋಲಿಸಿ ಬರೆದ್ರು. ಅದಕ್ಕೂ ಮೊದಲ ಅಲ್ಲಿ ಕರೀದು ಅಂದ್ರ ಹೆಚ್ಚಾಗಿ ಸತ್ತವರ ಸಲುವಾಗಿ. ವಿಕ್ಟೋರಿಯಾ ರಾಣಿ 1861ರಾಗ ಗಂಡ ತೀರಿದ ಮ್ಯಾಲೆ ತಾನು ಸಾಯೂ ತನಕ ಕರೀದ ಉಟ್ಟಳು. ಅದೇ ಬಣ್ಣಾನ 1980ರ ಸುಮಾರಿಗೆ ಇಂಗ್ಲೆಂಡಿನ ಹುಡುಗ್ರು ಲೇಸು, ಬೆಳ್ಳಿ ಕೂಡಿಸಿ ಗಾಥ್ ಅಂತ ತಮ್ಮ ಸೊಗಸು ಮಾಡಿಕೊಂಡ್ರು.

ನಮ್ಮ ಕಡೆ ಕರೀದು ಸಾವಿನ ಬಣ್ಣ ಅಲ್ರಿ. ಸಂಕ್ರಾಂತಿಗೆ ಹೊಸಾ ಸೊಸಿಗೆ ಕರೀ ಸೀರಿ ಉಡಿಸಿ, ಕುಸುರೆಳ್ಳಿನ ಬಿಳೇ ದಾಗೀನ ಹಾಕ್ತಾರ. ಚಳಿಗಾಲದಾಗ ಕರೀದು ಬಿಸಿಲು ಹೀರಿ ಮೈ ಬೆಚ್ಚಗ ಇಡತೈತಿ. ಇನ್ನ ಚಂದ್ರಕಾಳಿ ಅನ್ನೂ ಕರೀ ಸೀರಿ! ಕಸೂತಿ ಹಾಕಿದ ಇಳಕಲ್ಲ ಚಂದ್ರಕಾಳಿ ಮದುವಿ ಹೆಣ್ಣಿನ ಪೆಟಗಿಯೊಳಗ ಇರಬೇಕಾಗಿತ್ತು.

ನಮ್ಮವ್ವಂದು ಇನ್ನೂ ನನ್ನ ಹತ್ರ ಐತಿ. ಮೈ ಕಾಡಿಗಿ ಕರೀ, ಸೆರಗು ಕೆಂಪು ರೇಷ್ಮಿ. ಎರಡೂ ಕೂಡೂ ಕಡೆ ಬಟ್ಟ ಆಡಿಸಿ ನೋಡ್ರಿ: ಮೈಯಿನ ಒಂದೊಂದು ಎಳಿ ಸೆರಗಿನ ಎಳಿಗೆ ಕೊಂಡಿ ಹಾಕ್ಕೊಂಡೈತಿ, ಹೊಲಿಗಿ ಅಲ್ಲ. ಕಸೂತಿದಾಗ ಗೋಪುರ, ತೊಟ್ಟಿಲ, ಅಂಬಾರಿ ಆನಿ. ಗುರುತು ಹಾಕದ, ಎಳಿ ಎಣಿಸಿ ತಗದಾರ. ಗವಂತಿ, ಮುರಗಿ ಅನ್ನೂ ಹೊಲಿಗಿ ಹಾಕಿದ ಕಡೆ ಸೀರಿ ತಿರುವಿದ್ರ ಹಿಂದೂ ಮುಂದೂ ಒಂದೇ, ಗಂಟು ಹುಡುಕಿದ್ರೂ ಸಿಗಂಗಿಲ್ಲ. ಎಷ್ಟು ಮಧ್ಯಾಹ್ನ ಹೋಗ್ಯಾವೋ ಅದಕ್ಕ.

ಇದರಾಗ ಒಂದು ಗೌನು ಹೊಲಿಸಲೇನು ಅಂತ ನಿಮ್ಮ ಮಗಳು ಕೇಳಿದ್ಲು. ಬ್ಯಾಡ ಅಂದೆ, ಕತ್ತರಿ ಹಚ್ಚಿದ್ರ ಕೊಂಡಿ ಉಳಿಯಂಗಿಲ್ಲ. ಇಡೀ ಸೀರೀನ ಉಡಲಿ. ಅಕಿ ಲೇಸಿನ ಕೊರಳಪಟ್ಟಿ ನಮ್ಮ ಕುಪ್ಪಸಕ್ಕ ಕೂಡಿಸೂನು, ಬೆಳ್ಳಿ ಅಕೀದ ಇರಲಿ, ಉಗುರಿನ ಬಣ್ಣಾನೂ ಇರಲಿ. ಕೆಂಪು ಸೆರಗು ಹೊತ್ತು ಸೇತುವಿ ಮ್ಯಾಲೆ ನಿಂತು, ಹಿಂದ ಫಾಲ್ಸಿನ ತುಂತುರು ಎದ್ದಿದ್ದರ, ನೀವ ದೃಷ್ಟಿ ತಗೀತೀರಿ.

ಇವತ್ತ ಕಳಸ್ರಿ ಅಕೀನ. ಹೊತ್ತು ಮುಳುಗೂದ್ರಾಗ ಬರಲಿ. ಸೀರಿ ಅಂಚು ಒಂದು ಗೇಣು ಬಿಚ್ಚೇತಿ, ಕರೀ ಅರಿವಿಗೆ ಕರೀ ದಾರ ಹಾಕೂದು ದೀಪದಾಗ ಕಾಣಂಗಿಲ್ಲ.