ಹೆಸರಿದ್ದವರೇ ಬಚಾವು

ನಮ್ಮ ಮನೆಯಲ್ಲಿ ದನಕರುಗಳ ವಿಷಯಕ್ಕೆ ಒಂದೇ ಕಾನೂನು: ಮಾರುವುದಿದ್ದರೆ ಹೆಸರಿಡಬಾರದು, ಹೆಸರಿಟ್ಟರೆ ಮಾರಬಾರದು. ಮಧುಗಿರಿಯಲ್ಲಿ ನಾವು, ಪಾವಗಡದಲ್ಲಿ ಹೆಂಡತಿಯ ತವರು, ಶಿರಾ ಕಡೆ ಅಕ್ಕ, ಕೊರಟಗೆರೆಯಲ್ಲಿ ಅಮ್ಮನ ತವರು. ನಾಲ್ಕು ತಾಲ್ಲೂಕಿಗೂ ಹಬ್ಬಿದ ನೆಂಟಸ್ತನದಲ್ಲಿ ಈ ಕಾನೂನು ಮೀರಿದವರಿಲ್ಲ. ಮೀರಲು ಹೋದವನು ನಾನೊಬ್ಬ. ನನ್ನ ಗತಿ ಮುಂದೆ ಹೇಳುತ್ತೇನೆ.

ಮೊದಲು ಗೌರಿ. ಮಾವನವರ ಹೊಲ ತಿರುಮಣಿ ಕಡೆಯದು. ಅಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಾಗ ಜಮೀನನ್ನು ರೈತರಿಂದ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಕಡ್ಲೆಕಾಯಿ ಬೆಳೆಯುತ್ತಿದ್ದ ಕಡೆ ಗಾಜಿನ ಹಲಗೆ ಬಂದ ಮೇಲೆ ಉಳುವುದೇನು? ಮಾವ ಎತ್ತು ಮಾರಿದರು. ಗೌರಿಯನ್ನೂ ಮಾರೋಣವೆಂದಾಗ ಅತ್ತೆ ಊಟ ಬಿಟ್ಟು ಮಲಗಿದರು. ಸಂಧಾನವಾಗಿ ಗೌರಿ ನಮ್ಮ ಹಿತ್ತಿಲಿಗೆ ಬಂತು. ಮದುವೆಯಲ್ಲಿ ಏನೂ ಬೇಡವೆಂದು ದೊಡ್ಡಸ್ತಿಕೆ ತೋರಿಸಿದ್ದ ಅಳಿಯನಿಗೆ ತಡವಾಗಿ ಬಂದ ಬಳುವಳಿ!

ಆಂಧ್ರದ ಗಡಿಯ ಹಸುವಾದ್ದರಿಂದ ಗೌರಿಗೆ ಕನ್ನಡ ಬಾರದು. ನಾನು ‘ಬಾ’ ಎಂದರೆ ಬೆನ್ನು ತಿರುಗಿಸುತ್ತದೆ, ಹೆಂಡತಿ ‘ದಾ ದಾ’ ಎಂದರೆ ಓಡಿ ಬರುತ್ತದೆ. ರಾಜ್ಯೋತ್ಸವದಲ್ಲಿ ಬಾವುಟ ಹಿಡಿದು ಮುಂದೆ ನಡೆಯುವ ನಾನು ಹಾಲು ಕರೆಯುವ ಹೊತ್ತಿಗೆ ತೆಲುಗಿನಲ್ಲಿ ಬೇಡಿಕೊಳ್ಳುತ್ತೇನೆ.

ಎರಡನೆಯದು ಕಾಗೆ. ಇದನ್ನು ಸಾಕಿಲ್ಲ, ಇದಕ್ಕೆ ಹೆದರಿಕೊಂಡಿದ್ದೇವೆ. ಹೆಂಡತಿ ಶನಿಮಹಾತ್ಮನ ಊರಿನವಳು. ಶ್ರಾವಣದಲ್ಲಿ ಆ ಗುಡಿಗೆ ಬರುವ ಜನ ನೋಡಿದರೆ ಸಾಕು, ಪಾವಗಡದವರು ಶನಿಯನ್ನು ಹಗುರವಾಗಿ ತಗೊಳ್ಳುವುದಿಲ್ಲ ಅಂತ ಗೊತ್ತಾಗುತ್ತದೆ. ಕಾಗೆ ಶನಿಯ ವಾಹನ. ಶನಿವಾರ ಅದು ಎಡೆ ಮುಟ್ಟುವ ತನಕ ನನಗೆ ತಟ್ಟೆ ಇಲ್ಲ. ಬೇರೆ ಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬಂದ ಕಾಗೆ ನಮ್ಮ ಕಾಂಪೌಂಡಿನ ಮೇಲೆ ಕೂತು ಸುಮ್ಮನೆ ರೆಕ್ಕೆ ಕೆದಕಿಕೊಳ್ಳುತ್ತದಲ್ಲ, ಅದೇ ನನ್ನ ಸಾಡೇಸಾತಿ.

ಅಕ್ಕನ ಊರಿನ ಪಕ್ಕ ಕಗ್ಗಲಡು. ಅಲ್ಲಿ ಊರೊಳಗಿನ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಊರಿನವರು ಗಲೀಜು, ನಾತ ಎಲ್ಲ ಸಹಿಸಿ, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ನೋಡಿಕೊಳ್ಳುವಂತೆ ಕಾಯುತ್ತಾರೆ. ನಾನು ಹೋದಾಗ ಒಂದು ಕೊಕ್ಕರೆ ನನ್ನ ಹೊಸ ಅಂಗಿಯ ಮೇಲೆ ಪಿಚಕ್ಕೆಂದಿತು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ತಲೆ ಎತ್ತಿ, “ಪಾಪ, ಗಾಬ್ರಿ ಆಗೈತೆ ಅದ್ಕೆ” ಅಂದಳು.

ಸರ್ಕಾರವೂ ಹೀಗೆಯೇ. ನಮ್ಮ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದು 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ನನ್ನ ಪಾಲಿಗೆ ಬಂದಿರುವುದು ಮೂವತ್ತು ಗುಂಟೆ, ಅದಕ್ಕೂ ಅಣ್ಣ ತಕರಾರು ಅರ್ಜಿ ಹಾಕಿದ್ದಾನೆ. ಕೃಷ್ಣಮೃಗಗಳಿಗೆ ದಾಯಾದಿಗಳಿಲ್ಲವೆಂದು ಕಾಣುತ್ತದೆ.

ಈಗ ನನ್ನ ಗತಿ. ಯುಗಾದಿಯ ಮರುದಿನ ಹೊಸತೊಡಕು, ಬಾಡಿಲ್ಲದೆ ನಡೆಯುವ ಹಬ್ಬವಲ್ಲ. ಎಳೆಯ ಮರಿ ತಂದು ಮೇಯಿಸಿದರೆ ಅಗ್ಗವಾಗುತ್ತದೆಂದು ಲೆಕ್ಕ ಹಾಕಿ, ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿಸಂತೆಗೆ ಹೋದೆ. ಬೆನ್ನು ಹಿಚುಕಿ, ಹಲ್ಲು ನೋಡಿ, ಬಲ್ಲವನಂತೆ ತಲೆದೂಗಿ ಒಂದು ಕರೀ ಟಗರುಮರಿ ತಂದೆ. ಇದಕ್ಕೆ ಹೆಸರಿಡಕೂಡದೆಂದು ಬಾಗಿಲಲ್ಲೇ ಆಜ್ಞೆ ಹೊರಡಿಸಿದೆ.

ಮಗಳು ಸಂಜೆಯೊಳಗೆ ‘ರಾಕಿ’ ಎಂದಳು. ನಾನು ಹೆದರಲಿಲ್ಲ. ಸಿನಿಮಾ ಹೆಸರು, ಇನ್ನೊಂದು ಸಿನಿಮಾ ಬಂದರೆ ಹೋಗುತ್ತದೆ. ಅಪಾಯ ಬಂದದ್ದು ಅಮ್ಮನಿಂದ. ಸಿದ್ದರಬೆಟ್ಟದ ಒಕ್ಕಲಿನವಳು, ಸೊಪ್ಪು ಹಾಕುವಾಗ ಬಾಯಿತಪ್ಪಿ “ತಿನ್ನು ಸಿದ್ದ” ಅಂದುಬಿಟ್ಟಳು. ದೇವರ ಹೆಸರು ಅಂಟಿತು. ಟಗರು ಕೊಬ್ಬುತ್ತಾ ಹೋಯಿತು, ನನ್ನ ಲೆಕ್ಕ ಬಡವಾಗುತ್ತಾ ಹೋಯಿತು. ಹಿಂಡಿಗೆ, ಬೂಸಕ್ಕೆ, ಜಂತಿನ ಔಷಧಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಮರಿ ಬರುತ್ತಿತ್ತು. ಸಿದ್ದ ಕೃತಜ್ಞತೆಯಿಂದ ದಿನಾ ಬೆಳಿಗ್ಗೆ ಹಿಂದಿನಿಂದ ಬಂದು ಗುಮ್ಮುತ್ತಿತ್ತು, ನನ್ನೊಬ್ಬನನ್ನೇ.

ಹಬ್ಬ ಹತ್ತಿರವಾದಾಗ ಮೆಲ್ಲಗೆ ಮಾತು ತೆಗೆದೆ.

“ಸಿದ್ದನ್ನ ಕುಯ್ಯೋಕೆ ನಿಂಗೆ ಕೈಯಾದ್ರೂ ಹೆಂಗ್ಲಾ ಬತ್ತದೆ?” ಅಂದಳು ಅಮ್ಮ. ಹೆಂಡತಿ ಏನೂ ಅನ್ನಲಿಲ್ಲ, ಈಳಿಗೆಮಣೆ ಮಡಚಿ ಒಳಗಿಟ್ಟಳು.

ಹೊಸತೊಡಕಿನ ದಿನ ಬೆಳಕು ಹರಿಯುವ ಮುಂಚೆ ಚೀಲ ಹಿಡಿದು ಗುಡ್ಡೆಬಾಡಿನ ಕ್ಯೂನಲ್ಲಿ ನಿಂತೆ. ಮಧ್ಯಾಹ್ನ ಮುದ್ದೆ ಮುರಿಯುವಾಗ ಅಮ್ಮ ಕೇಳಿದಳು, “ಚೆನ್ನಾಗೈತೆ ಕಣ್ಲಾ. ಯಾರ ಮನೆ ಮರಿನೋ?”

“ಹೆಸರು ಗೊತ್ತಿಲ್ಲಮ್ಮ” ಅಂದೆ. ಎಲ್ಲರೂ ನೆಮ್ಮದಿಯಿಂದ ಉಂಡರು. ಹಿತ್ತಿಲಲ್ಲಿ ಸಿದ್ದ ಉಳಿದ ಹೋಳಿಗೆ ತಿನ್ನುತ್ತಿತ್ತು.

ಅಂದಿನಿಂದ ನನಗೊಂದು ದಿಗಿಲು. ಹೆಸರಿದ್ದರೆ ಬಚಾವು ಎನ್ನುವ ಈ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರು? ಅಮ್ಮನಿಗೆ ನಾನು ‘ಲೋ’, ಹೆಂಡತಿಗೆ ‘ರೀ’, ಮಕ್ಕಳಿಗೆ ‘ಅಪ್ಪ’, ಹಾಲಿನ ಡೇರಿಯಲ್ಲಿ ‘ಗೌರಿ ಮನೆಯೋರು’. ಗೌರಿಯ ಕಿವಿಯ ಹಳದಿ ಓಲೆಯಲ್ಲಿ 12 ಅಂಕಿ, ನನ್ನ ಆಧಾರಿನಲ್ಲೂ 12 ಅಂಕಿ. ಅಲ್ಲಿಯವರೆಗೆ ಸಮ, ಆಮೇಲೆ ಅವಳೇ ಮುಂದೆ.

ಮುಂದಿನ ಯುಗಾದಿ ಸಮೀಪಿಸುತ್ತಿದ್ದಂತೆ ಹೆಂಡತಿಯನ್ನು ಕೇಳಿಯೇಬಿಟ್ಟೆ: “ಒಂದ್ಸಲ ನನ್ನ ಹೆಸರು ಹಿಡಿದು ಕರಿಯೇ.”

“ಬಿಡ್ತು ಅನ್ನಿ! ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಆಗುತ್ತೆ” ಅಂದಳು.

ಹೆಸರು ಕರೆದರೆ ಟಗರಿಗೆ ಆಯಸ್ಸು ಹೆಚ್ಚು, ಗಂಡನಿಗೆ ಕಮ್ಮಿ. ಈ ಲೆಕ್ಕ ಬರೆದವರು ಯಾರೋ ಕಾಣೆ, ಟಗರಿನ ಕಡೆಯವರಂತೂ ಹೌದು.