ಮೈಕ್ ಇಲ್ಲದ ಮನೆ

"ಶನಿವಾರ ಸಂಜೆ ಆರಕ್ಕೆ ಬಂದುಬಿಡಿ. ಆರು ಅಂದ್ರೆ ಆರೇ. ಟಿಕೆಟ್ ಇಲ್ಲ, ಚೊಂಬು ಇರುತ್ತೆ. ಊಟ ಇಲ್ಲ, ಉಪ್ಪಿಟ್ಟು ಇರುತ್ತೆ. ಮೈಕ್ ಮಾತ್ರ ಇರೋದಿಲ್ಲ."

ಹೀಗೊಂದು ಫೋನು ಬಂದರೆ ಅದು ನಮ್ಮ ಯಜಮಾನರದೇ. ಹಾಡುವವರು ಬೇರೆ, ಕೇಳುವವರು ಬೇರೆ, ಇವರು ಹಾಡಿಸುವವರು. ಮೂವತ್ತು ವರ್ಷ ಮೈಸೂರಿನಲ್ಲಿ ನೌಕರಿ ಮಾಡಿ, ನಿವೃತ್ತಿಯ ದುಡ್ಡಿನಲ್ಲಿ ಚುಂಚನಕಟ್ಟೆಯ ಅಪ್ಪನ ಕಾಲದ ತೊಟ್ಟಿಮನೆಗೆ ಹೆಂಚು ಕೈಯಾಡಿಸಿ, ಕಂಬಗಳಿಗೆ ಎಣ್ಣೆ ತಿಕ್ಕಿಸಿ, ಒಂದು ದಿನ ತೊಟ್ಟಿಯ ನಡುವೆ ನಿಂತು ಸುಮ್ಮನೆ ಚಪ್ಪಾಳೆ ತಟ್ಟಿದರಂತೆ. ಆ ಚಪ್ಪಾಳೆ ಎಲ್ಲೋ ತಾಗಿ ವಾಪಸು ಬಂತಂತೆ. ಅವತ್ತಿನಿಂದ ಆ ಮನೆಗೆ ನೆಮ್ಮದಿ ಇಲ್ಲ.

ಇಂಥವರು ನಮ್ಮೂರಲ್ಲಿ ಮಾತ್ರ ಇದ್ದಾರೆ ಅಂದುಕೊಳ್ಳಬೇಡಿ. ತಾಲ್ಲೂಕಿಗೊಬ್ಬರಂತೆ ಸಿಗುತ್ತಾರೆ. ಪಿರಿಯಾಪಟ್ಟಣದ ಕಡೆಯವರೊಬ್ಬರು ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ ಕೊಳಲು ಕಛೇರಿ ಇಟ್ಟುಕೊಂಡಿದ್ದರು. ಆಲಾಪನೆಗಿಂತ ಸೀನೇ ಜಾಸ್ತಿಯಾಯಿತು. ಹುಣಸೂರಿನವರದು ತೋಟದ ಮನೆ, ಗಿಟಾರು, ಸೊಳ್ಳೆಬತ್ತಿ. ಎಚ್.ಡಿ. ಕೋಟೆಯವರು ಕಾಡಂಚಿನಲ್ಲಿದ್ದಾರೆ, ಆನೆ ಬಂದೀತೆಂದು ಐದೂವರೆಗೇ ಮಂಗಳ ಹಾಡಿಸಿಬಿಡುತ್ತಾರೆ. ಕೇಳುಗರ ದೃಷ್ಟಿಯಿಂದ ಈ ಮೂವರಲ್ಲಿ ಕೋಟೆಯವರೇ ವಾಸಿ.

ನಮ್ಮ ಯಜಮಾನರು ಇದನ್ನು 'ಅಕೌಸ್ಟಿಕ್ ಕಾರ್ಯಕ್ರಮ' ಎನ್ನುತ್ತಾರೆ. ಊರಿನವರ ಬಾಯಲ್ಲಿ ಅದು 'ಕಾಸ್ಟ್ಲಿ ಕಾರ್ಯಕ್ರಮ' ಆಗಿದೆ. ಚೊಂಬು ನೋಡಿದವರು ಹಾಗೆ ಅಂದಿರಬೇಕು. ಹೊಳೆಗೆ ನೀರು ತರಲು ಒಯ್ಯುತ್ತಿದ್ದ ತಾಮ್ರದ ಚೊಂಬು ಅದು. ಈಗ ಹುಣಸೆಹಣ್ಣಿನಲ್ಲಿ ಬೆಳಗಿಸಿಕೊಂಡು, ಐನೂರರ ಒಂದು ನೋಟನ್ನು ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ಬಾಗಿಲ ಬಳಿ ಕೂತಿರುತ್ತದೆ. ಆ ನೋಟು ಅವರದೇ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ತೆಗೆದು ಜೋಪಾನವಾಗಿ ಪಂಚಾಂಗದಲ್ಲಿಡುತ್ತಾರೆ, ಮುಂದಿನ ಸಲಕ್ಕೆ.

ಚುಂಚನಕಟ್ಟೆಯಲ್ಲಿ ಕೂತು ನಿಶ್ಶಬ್ದ ಬೇಕೆನ್ನುವುದಕ್ಕೆ ಎದೆಗಾರಿಕೆ ಬೇಕು. ಮಳೆಗಾಲದಲ್ಲಿ ಕಾವೇರಿ ಇಲ್ಲಿನ ಧನುಷ್ಕೋಟಿಯಲ್ಲಿ ಸುಮಾರು 60 ಅಡಿ ಕೆಳಕ್ಕೆ ಬಿದ್ದು ಊರಿಗೆ ಊರನ್ನೇ ಗದ್ದರಿಸುತ್ತಾಳೆ. ಸಂಕ್ರಾಂತಿ ಬಂತೆಂದರೆ ದನಗಳ ಜಾತ್ರೆ: ಹೋರಿಗಳ ಕೊರಳ ಗೆಜ್ಜೆ, ಐಸ್‌ಕ್ರೀಮಿನವನ ಗಂಟೆ, ಕಳೆದುಹೋದ ಮಕ್ಕಳ ಹೆಸರು ಕೂಗುವ ಧ್ವನಿವರ್ಧಕ. ಆದರೆ ಕೋದಂಡರಾಮನ ಗುಡಿಯ ಗರ್ಭಗುಡಿಯೊಳಗೆ ಮಾತ್ರ ಜಲಪಾತದ ಭೋರ್ಗರೆತ ಕೇಳಿಸುವುದಿಲ್ಲ ಎಂಬುದು ನಮ್ಮೂರಿನ ಹೆಮ್ಮೆ. ಬಂದವರಿಗೆಲ್ಲ ಮೊದಲು ಹೇಳುವ ಮಾತೇ ಅದು. ಯಜಮಾನರ ತಲೆಕೆಟ್ಟದ್ದು ಇಲ್ಲೇ ಅಂತ ನನ್ನ ಅನುಮಾನ. ರಾಮನಿಗೆ ಸಾಧ್ಯವಾದದ್ದು ನಮಗೇಕಾಗದು ಎಂದು ಕಿಟಕಿಗಳಿಗೆ ಗೋಣಿತಾಟು ಕಟ್ಟಿದರು, ಗೋಡೆ ಗಡಿಯಾರದ ಲೋಲಕ ಹಿಡಿದು ನಿಲ್ಲಿಸಿದರು, ಕಛೇರಿಯ ದಿನ ಕರುವನ್ನು ನಮ್ಮ ಕೊಟ್ಟಿಗೆಗೆ ಸಾಗಿಸಿದರು. ಕರು ಇಲ್ಲದೆ ಹಸು ಕೂಗತೊಡಗಿತು. ಆಮೇಲೆ ಹಸುವೂ ನಮ್ಮ ಕೊಟ್ಟಿಗೆಗೇ ಬಂತು.

ಅದೇ ಗುಡಿಯಲ್ಲಿ ಇನ್ನೊಂದು ವಿಶೇಷವಿದೆ. ಸೀತಮ್ಮ ನಿಂತಿರುವುದು ರಾಮನ ಎಡಕ್ಕಲ್ಲ, ಬಲಕ್ಕೆ. ಯಜಮಾನರ ಮನೆಯಲ್ಲೂ ಬಲಗೈ ಎಂದರೆ ಅವರ ಹೆಂಡತಿ ದೊಡ್ಡಮ್ಮನೇ. ಐವತ್ತು ಜನಕ್ಕೆ ರವೆ ಹುರಿಯುವುದು ಅವರು, ಈರುಳ್ಳಿ ಹೆಚ್ಚುವುದು ಅವರು, ಹಾಡುವವರಿಗೆ ಬಿಸಿನೀರು ಕಾಯಿಸುವುದು ಅವರು. ಒಗ್ಗರಣೆ ಸಿಡಿಯುವ ಸದ್ದು ತೊಟ್ಟಿಗೆ ಬಂದರೆ ಯಜಮಾನರು ಅಡುಗೆಮನೆ ಕಡೆ ತಿರುಗಿ ತುಟಿಯ ಮೇಲೆ ಬೆರಳಿಡುತ್ತಾರೆ. "ಸಾಸಿವೆಗೆ ಸಿಡೀಬೇಡ ಅಂತ ಹೇಳಕ್ಕಾಗುತ್ತೇನ್ರೀ?" ಎಂದು ದೊಡ್ಡಮ್ಮ ಅಲ್ಲಿಂದಲೇ ಕೇಳುತ್ತಾರೆ. ಪಕ್ಕದ ಮನೆಯವನೆಂಬ ಒಂದೇ ಅರ್ಹತೆಯಿಂದ ನಾನು ಜಮಖಾನದ ಖಾತೆ ನೋಡಿಕೊಳ್ಳುತ್ತೇನೆ.

ಯಜಮಾನರ ಪ್ರಸ್ತಾವನೆಯ ಭಾಷಣಕ್ಕೆ ಬರೋಣ. ಬೇಡವೆಂದರೂ ಬರಲೇಬೇಕು, ಕೇಳದೆ ಗತ್ಯಂತರವಿಲ್ಲ, ಚಪ್ಪಲಿಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಒಳಗಿಟ್ಟಿರುತ್ತಾರೆ. ಮೇಲುಹೊಳೆಯ ರುದ್ರಪಟ್ಟಣದಿಂದಲೇ ಶುರು. "ಆರ್.ಕೆ. ಶ್ರೀಕಂಠನ್ ಅವರ ಊರು. ತಂಬೂರಿ ಆಕಾರದಲ್ಲೇ ದೇವಸ್ಥಾನ ಕಟ್ಟಿದ್ದಾರೆ. ಅದೇ ಹೊಳೆ ಇಲ್ಲಿಗೂ ಬರೋದು. ಸಂಗೀತ ಒಂದಿಷ್ಟಾದರೂ ತೇಲಿ ಬಂದಿರೋದಿಲ್ವೆ?" ಅಲ್ಲಿಂದ ಮೈಸೂರಿಗೆ. "ಬಿಡಾರಂ ಕೃಷ್ಣಪ್ಪನವರು ಶಿವರಾಂಪೇಟೆಯಲ್ಲಿ ರಾಮನಿಗೆ ಮಂದಿರ ಕಟ್ಟಿಸಿ ಸಂಗೀತಕ್ಕೆ ಜಾಗ ಮಾಡಿದರು. ನಾನು ಬಡವ, ಇರೋ ಮನೇನೇ ಮಂದಿರ ಮಾಡಿದ್ದೀನಿ." ಆಮೇಲೆ ಕೃಷ್ಣಪ್ಪನವರ ಶಿಷ್ಯ ಚೌಡಯ್ಯನವರು. "ಮೈಕ್ ಇಲ್ಲದ ಕಾಲ. ಹಿಂದೆ ಕೂತವರಿಗೂ ಕೇಳಿಸಲಿ ಅಂತ ನಾಲ್ಕು ತಂತಿಯ ಪಿಟೀಲನ್ನ ಏಳು ತಂತಿಗೆ ಏರಿಸಿದ ಮಹಾನುಭಾವರು!" ಒಂದು ಸಲ ಹಿಂದಿನ ಸಾಲಿನಿಂದ ಕಾಲೇಜು ಹುಡುಗನೊಬ್ಬ ಎದ್ದು, "ಸಾರ್, ಹಾಗಾದ್ರೆ ಮೈಕ್ ಇದ್ದಿದ್ರೆ ಅವರೂ ಬಳಸ್ತಿದ್ರೇನೋ?" ಎಂದ. ಅವನಿಗೆ ಮತ್ತೆ ಫೋನು ಹೋಗಲಿಲ್ಲ.

ಈಗ ಹೇಳಹೊರಟದ್ದು ಮಾದೇಶ್ವರನ ಆಣೆಗೂ ನಡೆದ ಸಂಗತಿ. ಶಿವರಾತ್ರಿ ಹತ್ತಿರ ಬಂದಿತ್ತು. ಶಿವರಾತ್ರಿಯಿಂದ ಯುಗಾದಿವರೆಗೆ ಕಪ್ಪಡಿಯಲ್ಲಿ ರಾಚಪ್ಪಾಜಿ, ಚನ್ನಾಜಮ್ಮನವರ ಜಾತ್ರೆ. ಮಂಟೇಸ್ವಾಮಿ ಪದ ಹಾಡುವ ನೀಲಗಾರರಿಗೆ ಆಗ ಪುರುಸೊತ್ತೇ ಇರುವುದಿಲ್ಲ. ಅದಕ್ಕೆ ಮೊದಲೇ ಒಂದು ಶನಿವಾರ ಯಜಮಾನರು ಒಂದು ಮೇಳವನ್ನು ಕರೆಸಿದರು. ಮೈಸೂರಿನಿಂದ ಎಂಟು ಕಾರು ಬಂತು.

ಮೇಳದ ಹಿರಿಯರು ತಂಬೂರಿಯನ್ನು ಕಂಬಕ್ಕೊರಗಿಸಿ, ಸುತ್ತ ಒಮ್ಮೆ ನೋಡಿ, "ಒಂದು ಮೈಕಿದ್ರೆ ಗಂಟ್ಲಿಗೆ ಅನುಕೂಲ ಸಾ" ಅಂದರು.

"ಅದಿಲ್ಲ ಅನ್ನೋದೇ ಇಲ್ಲಿಯ ವಿಶೇಷ."

"ಹಂಗಾ. ಎಷ್ಟೊತ್ ಆಡ್ಬೇಕು ಸಾ?"

"ತೊಂಬತ್ತು ನಿಮಿಷ."

ಹಿರಿಯರು ನಕ್ಕರು. ಅವರ ಪದ ರಾತ್ರಿ ಶುರುವಾದರೆ ಕೋಳಿ ಕೂಗುವವರೆಗೆ ನಡೆಯುವಂಥದ್ದು, ಒಂದೊಂದು ಸಾಲೂ ಒಂದೊಂದು ದೊಡ್ಡ ಕಥೆ. ಗುರುವನ್ನೂ ಗದ್ದುಗೆಗಳನ್ನೂ ನೆನೆದು ಕಥೆಗೆ ಕಾಲಿಡುವ ಹೊತ್ತಿಗೇ ಯಜಮಾನರ ತೊಂಬತ್ತು ನಿಮಿಷದಲ್ಲಿ ಅರ್ಧ ಖರ್ಚಾಗಿರುತ್ತದೆ. ಭಾಷಣ ಬೇರೆ ಐವತ್ತು ನಿಮಿಷ ತಿಂದಿತ್ತು. ನಡುವೆ ಹಿರಿಯರು ಕೈಯೆತ್ತಿ, "ಸಾ, ನಮ್ಮೋನ್ ಇನ್ನೊಬ್ಬ ಬರ್ಬೇಕು..." ಎಂದರೆ, ಚೌಡಯ್ಯನವರ ಐದನೇ ತಂತಿಯಲ್ಲಿದ್ದ ಯಜಮಾನರು "ಪ್ರಶ್ನೆಗಳು ಕೊನೆಗೆ" ಎಂದುಬಿಟ್ಟರು.

ಅಂತೂ ಹಾಡು ಹೊರಟಿತು. ಬಯಲಿನಲ್ಲಿ, ಜಾತ್ರೆಯ ಗದ್ದಲದ ಮೇಲೆ ಹಾಡಿ ಪಳಗಿದ ಕಂಠ. ತೊಟ್ಟಿಮನೆಯೊಳಗೆ ಬಿಟ್ಟರೆ ಏನಾಗಬೇಕು? ಗೂಡಿನಲ್ಲಿದ್ದ ಸ್ಟೀಲು ಲೋಟಗಳು ಜುಮ್ಮೆಂದವು. ಮುಂದಿನ ಸಾಲಿನ ಮೈಸೂರಿನ ಹಿರಿಯರೊಬ್ಬರು ಮೆಲ್ಲಗೆ ಕಿವಿಯ ಮಿಷನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಮೈಕ್ ಇಲ್ಲದಿದ್ದದ್ದು ಒಳ್ಳೆಯದೇ ಆಯಿತು ಎಂದು ಮೊದಲ ಬಾರಿಗೆ ನನಗೂ ಅನ್ನಿಸಿತು.

ಕಥೆ ಕಲ್ಯಾಣಪಟ್ಟಣದ ಸಾಲಿಗೆ ಬಂತು. ಲಕ್ಷದ ತೊಂಬತ್ತಾರು ಸಾವಿರ ಜಂಗಮರಿದ್ದ ಬಸವಣ್ಣನವರ ಕಲ್ಯಾಣಕ್ಕೆ ಮಂಟೇಸ್ವಾಮಿ ಕೊಳಕು ಮೈಯ, ಹೇಸಿಕೆ ಹುಟ್ಟಿಸುವ ವೇಷದಲ್ಲಿ ಬರುತ್ತಾರೆ. ಬಾಗಿಲು ಕಾಯುವವರು ಒಳಗೆ ಬಿಡುವುದಿಲ್ಲ. ಅಷ್ಟರಲ್ಲಿ ನಮ್ಮ ಬಾಗಿಲಲ್ಲೂ ಏನೋ ಗುಸುಗುಸು. ಅಲ್ಲಿ ಯಜಮಾನರ ಅಳಿಯ ಬಂದವರ ಪಟ್ಟಿ ಹಿಡಿದು ನಿಂತಿದ್ದ. ಎದುರಿಗೆ ತಲೆಗೆ ಟವಲು ಸುತ್ತಿ, ಕಂಕುಳಲ್ಲಿ ಬಟ್ಟೆಚೀಲ ಇಟ್ಟುಕೊಂಡ, ಮೊಣಕಾಲವರೆಗೆ ಧೂಳಾದ ಒಬ್ಬ ಮನುಷ್ಯ. ಕೆ.ಆರ್. ನಗರದಲ್ಲಿ ಬಸ್ಸು ತಪ್ಪಿ ತಡವಾಗಿತ್ತಂತೆ.

"ನಿಮ್ಮ ಹೆಸರು ಪಟ್ಟೀಲಿ ಇಲ್ವಲ್ಲ."

"ನಾನು ಪಟ್ಟೀಲಿ ಇರಾಕಿಲ್ಲ ಮಗಾ. ಪದದಲ್ಲಿರೋನು."

ಅಳಿಯ ಮಣಿಯಲಿಲ್ಲ. ಮಾವನ ಶಿಸ್ತು. ಆತ ಜಗಳವನ್ನೂ ಆಡಲಿಲ್ಲ. ಹೊರಜಗಲಿಯ ಮೇಲೆ ಕೂತು, ಟವಲಿನಿಂದ ಕಾಲು ಕೊಡವಿ, ಬೀಡಿ ಹಚ್ಚಿದ. ಒಳಗೆ ಹಿರಿಯರು ಸೊಲ್ಲು ಎಳೆದು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದೇ ತಡ, ಗೋಣಿತಾಟು ಕಟ್ಟಿದ ಕಿಟಕಿಯಾಚೆಯಿಂದ ಆ ಸೊಲ್ಲೇ ತುಂಬುಗಂಟಲಲ್ಲಿ ವಾಪಸು ಬಂತು.

ಯಜಮಾನರು ರೋಮಾಂಚನಗೊಂಡು ಎದ್ದು ನಿಂತರು. ಪಕ್ಕದ ಪ್ರೊಫೆಸರರ ಭುಜ ಹಿಡಿದು ಪಿಸುಗುಟ್ಟಿದರು: "ಕೇಳಿದ್ರಾ? ನಮ್ಮ ತೊಟ್ಟಿಯ ಪ್ರತಿಧ್ವನಿ! ಎಷ್ಟು ಸ್ಪಷ್ಟ ನೋಡಿ!"

"ಆದರೆ ಶ್ರುತಿ ಒಂಚೂರು ಮೇಲಿದೆಯಲ್ಲ?"

"ಹೆಂಚು ಸಾರ್, ಹಳೇ ಹೆಂಚು. ಶ್ರುತಿ ಏರಿಸುತ್ತೆ."

ಮುಂದಿನ ಸಲ ಪ್ರತಿಧ್ವನಿಯ ಜೊತೆ ಗಗ್ಗರದ ಸದ್ದೂ ಬಂತು. ಒಳಗೆ ಗಗ್ಗರ ಇರಲಿಲ್ಲ, ಅದು ಬಟ್ಟೆಚೀಲದಲ್ಲಿತ್ತು. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು, ಏನೂ ಕೇಳಲಿಲ್ಲ. ಹಾಡುತ್ತಿದ್ದ ಹಿರಿಯರ ಮುಖದಲ್ಲಿ ಮಾತ್ರ ಅಲ್ಲಿಯವರೆಗೆ ಇಲ್ಲದ ಕಳೆ ಬಂದು, ಕಂಠಕ್ಕೆ ಕಟ್ಟು ಹರಿದಂತಾಯಿತು. ಹೊರಗೆ ಜಗಲಿಯ ಸುತ್ತ ಊರಿನ ಜನ ಸೇರತೊಡಗಿದರು: ಗದ್ದೆಯಿಂದ ಬಂದವರು, ಹಾಲು ಹಾಕಿ ಬಂದವರು, ನಮ್ಮ ಕೊಟ್ಟಿಗೆಯ ಹಸುವಿನ ಹಿಂದೆ ಬಂದವರು. ತೊಂಬತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಗಡಿಯಾರ ನಿಲ್ಲಿಸಿದ್ದವರು ಯಜಮಾನರೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅಡುಗೆಮನೆಯಿಂದ ದೊಡ್ಡಮ್ಮ ಕೈಸನ್ನೆ ಮಾಡಿ ನನ್ನನ್ನು ಕರೆದರು. ಕೈಯಲ್ಲಿ ಬಿಸಿ ಹೊಗೆಯಾಡುವ ಉಪ್ಪಿಟ್ಟಿನ ತಟ್ಟೆ, ಮೇಲೊಂದು ಚಮಚ ತುಪ್ಪ.

"ಒಳಗಿನವರದ್ದು ಆಮೇಲಾಯ್ತು. ಮೊದಲು ಇದನ್ನ ಹಿತ್ತಿಲ ಕಡೆಯಿಂದ ಹೋಗಿ ಆ ಪ್ರತಿಧ್ವನಿಗೆ ಕೊಟ್ಟು ಬಾ ಮಗಾ. ಪಾಪ, ಮಧ್ಯಾಹ್ನದಿಂದ ಏನೂ ತಿಂದಿರಲ್ಲ."

ಕೊಟ್ಟೆ. ಪ್ರತಿಧ್ವನಿ ಗಗ್ಗರವನ್ನು ಜಗಲಿಯ ಮೇಲಿಟ್ಟು, ಬಾಯಿ ತುಂಬ ಉಪ್ಪಿಟ್ಟು ಹಾಕಿಕೊಂಡಿತು. ಒಳಗೆ ಹಿರಿಯರು ಸೊಲ್ಲು ಎಳೆದು ನಿಲ್ಲಿಸಿದರು. ಏನೂ ಬರಲಿಲ್ಲ. ಎಲ್ಲರೂ ಕಾದರು. ಕಿಟಕಿಯಿಂದ ಯಜಮಾನರ ದನಿ ಮೆಲ್ಲಗೆ ಕೇಳಿಸಿತು:

"ಇಬ್ಬನಿ ಸಾರ್. ರಾತ್ರಿ ಹೊತ್ತು ಹೆಂಚು ನೆನೆದರೆ ಸ್ವಲ್ಪ ಹೀಗೆ ಸದ್ದು ಹೀರ್ಕೊಳುತ್ತೆ."