ಡೀಸೆಲ್ ಎಲ್ಲಿ ಹೊಡ್ಸಿದ್ದು?

ಕೊಟ್ಟಿಗೆಹಾರದಿಂದ ಕಳಸದವರೆಗಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದ ಜಾಗಗಳು ಬೇಕಾದಷ್ಟಿವೆ. ಅವರು ಸಿಗದ ಜಾಗ ಮಾತ್ರ ಒಂದೂ ಇಲ್ಲ. ಏರಿನಲ್ಲಿ ಗಾಡಿ ಮುಕ್ಕರಿಯತೊಡಗಿ, ಗೇರು ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು, ಕೊನೆಗೆ ನೀವು ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಹುಡುಕುವಷ್ಟರಲ್ಲಿ ಕಾಫಿಗಿಡಗಳ ಸಂದಿನಿಂದ ಅವರು ಹೊರಬಂದಿರುತ್ತಾರೆ. ತಲೆಗೆ ಮಫ್ಲರ್, ಕಾಲಿಗೆ ಗಂಬೂಟು, ಸೊಂಟದಲ್ಲಿ ಕತ್ತಿ. ಬೇಲಿಯಾಚೆ ಇಷ್ಟು ಹೊತ್ತು ಏನು ಮಾಡುತ್ತಿದ್ದರು, ಯಾರ ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದರು ಎಂದೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಚಕ್ರಕ್ಕೆ ಕಲ್ಲು ಅವರೇ ಕೊಡುತ್ತಾರೆ. ಆಮೇಲೆ ಕೈ ಒರೆಸಿಕೊಂಡು ಶುರುಮಾಡುತ್ತಾರೆ.

"ಎಂತ ಆಯ್ತು?"

"ಎಳೀತಾನೇ ಇಲ್ಲ ಮಾರಾಯ್ರೆ. ಇದ್ದಕ್ಕಿದ್ದ ಹಾಗೆ ಪಿಕಪ್ಪೇ ಹೋಯ್ತು."

"ಡೀಸೆಲ್ ಎಲ್ಲಿ ಹೊಡ್ಸಿದ್ದು?"

ಈ ಪ್ರಶ್ನೆಗೆ ಸರಿಯುತ್ತರವೆಂಬುದು ಇಲ್ಲ. ಮೂಡಿಗೆರೆ ಎಂದರೂ, ಚಿಕ್ಕಮಗಳೂರು ಎಂದರೂ "ಹಾಂ, ಅಲ್ಲೇ ಇರೋದು ಕತೆ" ಎನ್ನುತ್ತಾರೆ. ಉಜಿರೆ ಎಂದಿರೋ, ಘಟ್ಟದ ಕೆಳಗಿನ ಡೀಸೆಲ್ಲು ಘಟ್ಟ ಹತ್ತುವುದಿಲ್ಲ ಎಂಬ ಹೊಸ ಶಾಸ್ತ್ರವೇ ಹುಟ್ಟುತ್ತದೆ. ನಿಮ್ಮದು ಪೆಟ್ರೋಲ್ ಗಾಡಿ ಎಂದು ತಿಳಿಸಿದರೂ ಅವರೇನೂ ವಿಚಲಿತರಾಗುವುದಿಲ್ಲ. "ಅದನ್ನೇ ನಾನು ಹೇಳಿದ್ದು. ಡೀಸೆಲ್ ಆಗಿದ್ರೆ ಹೀಗೆ ಆಗ್ತಿರ್ಲಿಲ್ಲ."

ಇವರನ್ನು ನಾನು ಪಿಕಪ್ ಪಂಡಿತರು ಎಂದು ಕರೆಯುತ್ತೇನೆ. ಬಯಲುಸೀಮೆಯಲ್ಲೂ ಇವರ ದಾಯಾದಿಗಳು ಇರಬಹುದು, ಆದರೆ ಅಲ್ಲಿ ಇವರ ವಿದ್ಯೆಗೆ ಅಷ್ಟು ಅವಕಾಶವಿಲ್ಲ. ಸೊರಗಿದ ಎಂಜಿನ್ನು ಕಡೂರಿನ ನೇರ ರಸ್ತೆಯಲ್ಲಿ ಹೇಗೋ ಮರ್ಯಾದೆ ಉಳಿಸಿಕೊಂಡು ಓಡುತ್ತದೆ. ಅದೇ ಗಾಡಿಗೆ ಒಂದು ಲೋಡು ಕಾಫಿ ಚೆರಿ ತುಂಬಿ, ಮೇಲೆ ನಾಲ್ಕು ಆಳು ಕೂರಿಸಿ ತೋಟದ ಏರಿಗೆ ಬಿಡಿ, ಯಜಮಾನ ಎಷ್ಟು ವರ್ಷದಿಂದ ಏರ್ ಫಿಲ್ಟರ್ ಬದಲಾಯಿಸಿಲ್ಲ ಎನ್ನುವುದು ಇಡೀ ಹೋಬಳಿಗೆ ಗೊತ್ತಾಗುತ್ತದೆ.

ಪಂಡಿತರ ವಿದ್ಯಾರ್ಹತೆ ಸಾಮಾನ್ಯವಾಗಿ ಒಂದೇ: "ನಾನು ಕುದುರೆಮುಖದಲ್ಲಿ ಇದ್ದಾಗ..." ಕಳಸದ ಬದಿಯ ಪಂಡಿತರಲ್ಲಂತೂ ಇದನ್ನು ಹೇಳದವರೇ ಇಲ್ಲ. ಅದಿರು ಕಂಪನಿಯ ಆ ಮನೆಯೆತ್ತರದ ಡಂಪರುಗಳು ಎಳೆಯದೆ ನಿಂತಾಗ ಜಪಾನಿನಿಂದ ಬಂದ ಎಂಜಿನಿಯರು ಕೈಚೆಲ್ಲಿ ಕೂತನಂತೆ, ಇವರು ಒಂದು ನಟ್ಟು ಸಡಿಲಿಸಿದರಂತೆ, ಡಂಪರು ಹೊರಟಿತಂತೆ. ಹೀಗೆ ಹೇಳುವವರೆಲ್ಲ ನಿಜವಾಗಿ ಅಲ್ಲಿ ದುಡಿದಿದ್ದರೆ 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಸುಪ್ರೀಂ ಕೋರ್ಟು ಆದೇಶಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಅಷ್ಟರೊಳಗೆ ಬೆಟ್ಟವೇ ಖಾಲಿಯಾಗಿರುತ್ತಿತ್ತು. ಮೂಡಿಗೆರೆ ಕಡೆಯ ಪಂಡಿತರ ವಿಶ್ವವಿದ್ಯಾಲಯ ಬೇರೆ. ಅವರೆಲ್ಲರೂ ಪೂರ್ಣಚಂದ್ರ ತೇಜಸ್ವಿಯವರ ಸ್ಕೂಟರಿಗೆ ಯಾವ ಪ್ಲಗ್ಗು ಹಾಕಬೇಕೆಂದು ಹೇಳಿಕೊಟ್ಟವರು. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ಹೇಳಿಕೊಟ್ಟವರ ಸಂಖ್ಯೆ ಏರತೊಡಗಿದ್ದು ಅದರ ನಂತರ.

ಪಂಡಿತರಿಗೆ ಏನೂ ಗೊತ್ತಿಲ್ಲ ಎಂದು ಮಾತ್ರ ತಿಳಿಯಬೇಡಿ. ಹಳೆಯ ಎಂ.ಎಂ. 540 ಜೀಪುಗಳ ಕಾಲದಲ್ಲಿ, ಅವುಗಳ ಪ್ಯೂಜೋ ಡೀಸೆಲ್ ಎಂಜಿನ್ನಿಗೆ ಬರುತ್ತಿದ್ದ ಹತ್ತು ರೋಗಗಳಲ್ಲಿ ಆರಕ್ಕೆ ಇವರ ಮದ್ದು ನಾಟುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ಗು ಬೇಡ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಗಾಡಿ ಎಳೆಯದಿದ್ದರೆ ಗಾಳಿ ಸಾಲದಾಗಿರಬೇಕು, ಇಲ್ಲ ಡೀಸೆಲ್ ಸಾಲದಾಗಿರಬೇಕು, ಎರಡೂ ಅಲ್ಲವೆಂದರೆ ಒತ್ತುವ ಶಕ್ತಿಯೇ ಕುಂದಿರಬೇಕು. ಫಿಲ್ಟರಿನಲ್ಲಿ ಕೆಸರು, ಟ್ಯಾಂಕಿನಲ್ಲಿ ನೀರು, ಪೈಪಿನ ಜಾಯಿಂಟಿನಲ್ಲಿ ಗಾಳಿ. ಮಳೆಗಾಲದ ಮಲೆನಾಡಿನಲ್ಲಿ ಈ ಮೂರರಲ್ಲಿ ಒಂದನ್ನು ಹೇಳಿದವನು ಪೂರ್ತಿ ಸೋಲುವುದು ಕಷ್ಟ. ಪಂಡಿತರು ಮೂರನ್ನೂ ಹೇಳುತ್ತಾರೆ.

ಮದ್ದಿನ ಮೊದಲ ಹೆಜ್ಜೆ "ಏರ್ ತೆಗಿಬೇಕು." ಹ್ಯಾಂಡ್ ಪಂಪು ಒತ್ತುತ್ತ, ಸ್ಕ್ರೂ ಸಡಿಲಿಸಿ, ಗುಳ್ಳೆ ಬರುವುದು ನಿಂತು ಬರೀ ಡೀಸೆಲ್ ಬರುವವರೆಗೂ ಕಾಯುವ ಕೆಲಸ ಇದು. ಇದರಲ್ಲಿ ಪೈಪಿಗೆ ಬಾಯಿ ಹಾಕಿ ಎಳೆಯುವ ಒಂದು ಘಟ್ಟ ಬರುತ್ತದೆ. ಆ ಘಟ್ಟ ಬಂದಾಗ ಪಂಡಿತರು ಒಂದು ಹೆಜ್ಜೆ ಹಿಂದೆ ಸರಿದು, "ಎಳಿಯಾ, ಎಳಿಯಾ, ಜೋರಾಗಿ ಎಳಿ" ಎಂದು ಡ್ರೈವರ್ ಹುಡುಗನನ್ನು ಹುರಿದುಂಬಿಸುತ್ತಾರೆ. ಹುಡುಗ ಡೀಸೆಲ್ ಉಗುಳಿ ಕೆಮ್ಮುವಾಗ ಅವರ ಮುಖದಲ್ಲಿ ಗುರುವಿನ ವಾತ್ಸಲ್ಯ ಕಾಣಬೇಕು. ಎರಡು ಸ್ಟ್ರೋಕಿನ ಸ್ಕೂಟರುಗಳ ಯುಗದಲ್ಲಿ ಮದ್ದು ಇನ್ನೂ ರೋಚಕವಾಗಿತ್ತು: ಎಳೆಯದ ಸ್ಕೂಟರಿನ ಸೈಲೆನ್ಸರ್ ಬಿಚ್ಚಿ ಬೆಂಕಿಗೆ ಹಾಕಿ, ಒಳಗೆ ಕಟ್ಟಿದ ಎಣ್ಣೆಯ ಮಸಿ ಉರಿದು ಹೋಗುವವರೆಗೆ ಸುಡುವುದು. ಇದು ಮೋಸದ ಮದ್ದಲ್ಲ. ಹೊಗೆಯ ದಾರಿ ಕಟ್ಟಿದರೆ ಎಂಜಿನ್ನು ಉಸಿರು ಬಿಡಲಾರದು, ಸುಟ್ಟರೆ ನಿಜಕ್ಕೂ ಪಿಕಪ್ ಬರುತ್ತಿತ್ತು. ಬಚ್ಚಲ ಒಲೆಯಲ್ಲಿ ಸುಟ್ಟು, ಮನೆಮಂದಿಯೆಲ್ಲ ಸ್ನಾನದ ನೀರಿಗೂ ಎಣ್ಣೆವಾಸನೆ ಎಂದು ಬೈದದ್ದು ಬೇರೆ ವಿಚಾರ.

ಆದರೆ ಪಂಡಿತರ ನಿಜವಾದ ಪ್ರತಿಭೆ ಎಂಜಿನ್ನಿನದಲ್ಲ, ಮನುಷ್ಯರದು. ರೋಗ ಯಾವುದೆಂದು ಅವರು ನಿರ್ಧರಿಸುವುದು ಗಾಡಿಯನ್ನು ನೋಡಿಯಲ್ಲ, ಗಾಡಿಯ ಯಜಮಾನನನ್ನು ನೋಡಿ. ಅವರಿಗೆ ಆ ಯಜಮಾನನ ಬಗ್ಗೆ ಬಹುಕಾಲದಿಂದ ಹೇಳಬೇಕೆಂದಿದ್ದ ಮಾತೊಂದು ಇರುತ್ತದೆ, ಅದಕ್ಕೆ ಬಾನೆಟ್ ತೆರೆಯುವುದೊಂದೇ ಬಾಕಿ. ಗೌಡರ ಗಾಡಿಯಾದರೆ ದೋಷ ಡ್ರೈವರಿನದು: "ಅವನನ್ನ ಬಿಡ್ಸಿ ಅಂತ ನಾನು ಹೋದ ವರ್ಷಾನೇ ಹೇಳಿದ್ದೆ." ಜಿಪುಣ ಭಟ್ಟರದಾದರೆ ಆಯಿಲ್ ಬದಲಾಯಿಸಿಲ್ಲ. ಸಾಲ ಮಾಡಿ ಹೊಸ ಗಾಡಿ ತಂದವನದಾದರೆ ಗಾಡಿಯೇ ಸರಿಯಿಲ್ಲ, ಅವನ ತಮ್ಮ ತಂದದ್ದು ಒಳ್ಳೆಯದು. ಬ್ಯಾಂಕ್ ಮ್ಯಾನೇಜರರದಾದರೆ ಮಾತ್ರ ಯಾರ ತಪ್ಪೂ ಇಲ್ಲ, ರಸ್ತೆಯದು.

ಬೆಂಗಳೂರಿನ ಟೂರಿಸ್ಟುಗಳಿಗೆ ಪಂಡಿತರು ಕೊಡುವ ತೀರ್ಪು ಒಂದೇ: "ಎ.ಸಿ. ಹಾಕಿದ್ರಾ?" ಎ.ಸಿ. ಎಂಜಿನ್ನಿನ ಒಂದಿಷ್ಟು ಬಲ ತಿನ್ನುವುದು ಹೌದು. ಆದರೆ ಮುಳ್ಳಯ್ಯನಗಿರಿಯ ಏರಿನಲ್ಲಿ, ವಾರಾಂತ್ಯದ ಸಾಲಿನಲ್ಲಿ, ಹಾಫ್ ಕ್ಲಚ್ಚಿನಲ್ಲೇ ಅರ್ಧ ಗಂಟೆ ತೂಗಾಡಿದ ಕಾರಿನಿಂದ ಸುಟ್ಟ ವಾಸನೆ ಬರುತ್ತಿರುವಾಗ ಎ.ಸಿ.ಯ ಮಾತೆತ್ತುವುದು ಅನ್ಯಾಯ. ಎಂಜಿನ್ನು ಕಿರುಚುತ್ತಿದ್ದು ಗಾಡಿ ಹತ್ತದಿದ್ದರೆ ಕ್ಲಚ್ಚು ಜಾರುತ್ತಿದೆ. ಎಂಜಿನ್ನೇ ಮೇಲೇಳದಿದ್ದರೆ ಎಂಜಿನ್ನಿನ ತೊಂದರೆ. ಒಳ್ಳೆಯ ಮೆಕ್ಯಾನಿಕ್ಕು ಕೇಳುವ ಮೊದಲ ಪ್ರಶ್ನೆ ಇದೇ, ಪಂಡಿತರು ಎಂದೂ ಕೇಳದ ಪ್ರಶ್ನೆಯೂ ಇದೇ. ಅದೇ ಬೆಟ್ಟದಲ್ಲಿ ಒಮ್ಮೆ ಒಬ್ಬ ಮೇಷ್ಟರು, ಭೌತಶಾಸ್ತ್ರದವರು, ತಮ್ಮ ಹಳೇ ಡೀಸೆಲ್ ಕಾರು ಏಕೆ ಏದುಸಿರು ಬಿಡುತ್ತಿದೆ ಎಂದು ಪಂಡಿತರಿಗೆ ವಿವರಿಸಲು ಹೋದರು. ಶಿಖರ 1,930 ಮೀಟರ್ ಎತ್ತರ, ಅಲ್ಲಿ ಗಾಳಿ ಕಡಲ ತಡಿಗಿಂತ ಆರರಲ್ಲಿ ಒಂದು ಪಾಲಿನಷ್ಟು ತೆಳು, ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟು ಗಾಳಿ ಕಡಿಮೆ, ಆದ್ದರಿಂದ ಬಲವೂ ಕಡಿಮೆ. ಪಂಡಿತರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಮೇಷ್ಟರ ಕೈಯಲ್ಲಿ ಮಗುಚಿ ಹೋಗಿದ್ದ ಕೊಡೆಯನ್ನು ತೋರಿಸಿ, "ಛತ್ರಿ ಹಾರಿಹೋಗ್ತಾ ಉಂಟು, ಗಾಳಿ ಕಡಿಮೆಯಂತೆ!" ಎಂದರು. ನೆರೆದವರೆಲ್ಲ ನಕ್ಕರು. ವಿಜ್ಞಾನ ಆ ದಿನ ಬೆಟ್ಟ ಹತ್ತಲಿಲ್ಲ.

ಟರ್ಬೊ ಬಂದ ಮೇಲೆ ಪಂಡಿತರ ಕಷ್ಟ ಶುರುವಾಯಿತು. ಟರ್ಬೊದಿಂದ ಎಂಜಿನ್ನಿಗೆ ಒತ್ತಡದ ಗಾಳಿ ಒಯ್ಯುವ ರಬ್ಬರ್ ಹೋಸು ಬಿರಿದರೆ ಬಲ ಒಮ್ಮೆಲೇ ಕುಸಿಯುತ್ತದೆ, ಆಕ್ಸಿಲರೇಟರ್ ತುಳಿದಾಗ ಶಿಳ್ಳೆಯಂಥ ಸದ್ದು ಕೇಳುತ್ತದೆ. ಚಾರ್ಮಾಡಿಯಲ್ಲಿ ಹಾಗೆ ಕೇಳಿದಾಗ ನಮ್ಮ ಪಂಡಿತರು ಕಿವಿಗೊಟ್ಟು, ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, "ಅದು ಸಿಳ್ಳಾರ. ಮಳೆ ಬಿತ್ತಲ್ಲ, ಕೂಗ್ತದೆ" ಎಂದರು. ಡ್ರೈವರು ತುಳಿದಾಗಲೆಲ್ಲ ಹಕ್ಕಿ ಹಾಡಿತು, ಕಾಲು ತೆಗೆದಾಗಲೆಲ್ಲ ನಿಲ್ಲಿಸಿತು. ಸಲುಗೆಯ ಹಕ್ಕಿ!

2020ರ ಏಪ್ರಿಲ್‌ನಿಂದ ಬಿ.ಎಸ್. 6 ಗಾಡಿಗಳು ಬಂದವು. ಈಗಿನ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿದೆ. ಆ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಗಾಡಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ, ಎಂಜಿನ್ನು ಬಿಸಿಯಾಗಿ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎರಡನೇ ಗೇರಿನಲ್ಲೇ ಓಡುವ ತೋಟದ ಗಾಡಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಜಾಲರಿ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಕಂಪ್ಯೂಟರು ಎಂಜಿನ್ನಿನ ಜೀವ ಉಳಿಸಲು ಬಲವನ್ನೇ ಇಳಿಸಿಬಿಡುತ್ತದೆ. ಬಾನೆಟ್ ತೆರೆದರೆ ಎಲ್ಲಕ್ಕೂ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ, ಸಡಿಲಿಸಲು ಒಂದು ನಟ್ಟೂ ಕಣ್ಣಿಗೆ ಬೀಳುವುದಿಲ್ಲ. ಪಂಡಿತರು ಒಂದೇ ಮಾತಿನಲ್ಲಿ ಇಡೀ ಹೊಸ ಯುಗವನ್ನು ಜಯಿಸಿದರು: "ಸೆನ್ಸಾರ್." ಏನೇ ಆದರೂ ಸೆನ್ಸಾರ್. ಮದ್ದು ಕೂಡ ಒಂದೇ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ. ವಿಷಾದದ ಸಂಗತಿಯೆಂದರೆ, ಕೆಲವೊಮ್ಮೆ ಹಾಗೆ ಮಾಡಿದಾಗ ಗಾಡಿ ಸ್ವಲ್ಪ ದೂರ ಸರಿಯಾಗಿಯೇ ಓಡುತ್ತದೆ. ಪಂಡಿತರು ಆ ಸ್ವಲ್ಪ ದೂರದಲ್ಲೇ ಇಳಿದುಕೊಳ್ಳುವವರು.

ಒಬ್ಬ ಪಂಡಿತರಿದ್ದರೆ ಯಜಮಾನನಿಗೆ ಹೇಗೋ ಬಿಡುಗಡೆ ಇದೆ, ಇಬ್ಬರು ಸೇರಿದರೆ ಇಲ್ಲ. ಕಳೆದ ಸುಗ್ಗಿಯಲ್ಲಿ ಬಾಳೂರು ದಾಟಿದ ಮೇಲಿನ ಏರಿನಲ್ಲಿ ರೋಬಸ್ಟಾ ಚೆರಿಯ ಮೂಟೆ ತುಂಬಿದ ಹಳೇ ಪಿಕಪ್ಪೊಂದು ಪಿಕಪ್ ಇಲ್ಲದೆ ನಿಂತಿತ್ತು. ಎಡಗಡೆ ತೋಟದಿಂದ ಒಬ್ಬರು ಬಂದರು, ಡೀಸೆಲ್ ಫಿಲ್ಟರ್ ಪಕ್ಷ. ಬಲಗಡೆ ತೋಟದಿಂದ ಇನ್ನೊಬ್ಬರು, ಫ್ಯುಯೆಲ್ ಪಂಪಿನ ಪಕ್ಷ.

"ಪಂಪು ಹೋಗಿದ್ರೆ ಸ್ಟಾರ್ಟೇ ಆಗೋದಿಲ್ಲ ಮಾರಾಯ."

"ನಿಮ್ ಜೀಪಿಗೂ ಫಿಲ್ಟರ್ ಅಂದಿದ್ರಿ. ಕಡೆಗೆ ಎಂತ ಆಯ್ತು? ಗುಜರಿಗೆ ಹೋಯ್ತು."

"ಅದು ನನ್ನ ಜೀಪಲ್ಲ, ಭಾವಂದು."

"ಹೇಳಿದ್ದು ನೀವೇ ಅಲ್ವಾ?"

ಚರ್ಚೆ ಅಲ್ಲಿಂದ ಭಾವನ ತೋಟದ ಗಡಿ ತಕರಾರಿಗೆ ಹೊರಳಿತು. ಹಿಂದಿನಿಂದ ಬಸ್ಸು ಬಂದು ನಿಂತಿತು. ಬಸ್ಸಿನ ಡ್ರೈವರು ಇಳಿದು, ಇಂಜೆಕ್ಟರ್ ಎಂದು ಮೂರನೇ ಪಕ್ಷ ಕಟ್ಟಿದ. ಅವನ ಬೆಂಬಲಕ್ಕೆ ಮುಂದಿನ ಸೀಟಿನವರೆಲ್ಲ ಇಳಿದರು. ಪಿಕಪ್ಪಿನ ಯಜಮಾನ ಮಾತ್ರ ಬಸ್ಸಿನ ಮೆಟ್ಟಿಲಲ್ಲಿ ಕೂತು ಬೀಡಿ ಹಚ್ಚಿದ್ದ. ಇಷ್ಟೂ ಜನ ಗಾಡಿಯ ಮುಂದೆ ನಿಂತಿದ್ದರು. ಎಂಜಿನ್ನಿನ ಹೊಗೆ ಬರುವುದು ಹಿಂದಿನಿಂದ.

ಪೇಟೆಯಿಂದ ಮೆಕ್ಯಾನಿಕ್ ಹುಡುಗ ಬೈಕಿನಲ್ಲಿ ಬಂದ. ಯಾರಿಗೂ ನಮಸ್ಕಾರ ಹೇಳಲಿಲ್ಲ, ಡೀಸೆಲ್ ಎಲ್ಲಿ ಹೊಡೆಸಿದ್ದೆಂದೂ ಕೇಳಲಿಲ್ಲ. ಗಾಡಿಯ ಹಿಂದೆ ಹೋಗಿ ನಿಂತು "ರೇಸ್ ಮಾಡಿ" ಎಂದ. ಕಡುಗಪ್ಪು ಹೊಗೆ ಬಂತು. ಡೀಸೆಲ್ ಬರದಿದ್ದರೆ ಇಷ್ಟು ಕಪ್ಪು ಎಲ್ಲಿಂದ ಬರಬೇಕು? ಡೀಸೆಲ್ ಬರುತ್ತಿದೆ, ಉರಿಯಲು ಗಾಳಿ ಇಲ್ಲ. ಹುಡುಗ ಮುಂದೆ ಬಂದು, ಪಂಡಿತರಿಬ್ಬರ ನಡುವೆ ಕೈ ತೂರಿಸಿ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳನ್ನು ತೆಗೆದ. ಒಳಗೆ ಅಚ್ಚುಕಟ್ಟಾದ ಇಲಿಗೂಡು. ಗೋಣಿಯ ನಾರು, ಒಣಹುಲ್ಲು, ನಡುವೆ ಎರಡು ಮುಷ್ಟಿ ಕಾಫಿ ಚೆರಿ. ಗಾಡಿ ಕಣದ ಪಕ್ಕ ನಿಂತಿದ್ದಾಗ ಯಾರೋ ಸಂಸಾರ ಹೂಡಿದ್ದರು.

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಮೆಲ್ಲಗೆ ತೋಟದೊಳಕ್ಕೆ ಜಾರಿಕೊಳ್ಳುತ್ತಿದ್ದರು. ಫಿಲ್ಟರ್ ಪಕ್ಷದ ಪಂಡಿತರು "ಫಿಲ್ಟರ್ ಅಂತ ನಾನು ಹೇಳ್ಲಿಲ್ವಾ?" ಎಂದರು. ಯಾವ ಫಿಲ್ಟರ್ ಎನ್ನುವುದು ವಿವರ. ಪಂಪಿನ ಪಕ್ಷದವರು ಅಷ್ಟರಲ್ಲಿ ಗೂಡಿನೊಳಗಿಂದ ಒಂದು ಚೆರಿ ಎತ್ತಿ, ಸಿಪ್ಪೆ ಉಜ್ಜಿ, ಬೇಳೆಯನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಿದ್ದರು.

"ಒಣಗಿಲ್ಲ ಇದು. ಇನ್ನೆರಡು ಬಿಸಿಲು ಬೇಕಿತ್ತು."

ಬೀಡಿ ಎಸೆದು ಯಜಮಾನ ಎದ್ದು ಬಂದ. "ಮೀಟರಿಗೆ ಸರಿ ಬಂದಿದೆ ಮಾರಾಯ್ರೆ."

"ಮೀಟರಂತೆ. ನಾನು ಕುದುರೆಮುಖದಲ್ಲಿ ಇದ್ದಾಗ..."

"ಕೊಡಿ ಇಲ್ಲಿ," ಎಂದು ಫಿಲ್ಟರ್ ಪಕ್ಷದವರೂ ಒಂದನ್ನು ಕಚ್ಚಿದರು. ಬಸ್ಸಿನ ಡ್ರೈವರಿಗೂ ಒಂದು ಸಿಕ್ಕಿತು. ಅವನು ಔಟ್‌ಟರ್ನ್ ಕಡಿಮೆ ಬರುತ್ತದೆ, ಮೂಟೆಗೆ ತಕ್ಕ ಬೇಳೆ ಸಿಗುವುದಿಲ್ಲ ಎಂದ. ಹುಡುಗ ಡಬ್ಬಿ ಕೊಡವಿ, ಕ್ಲಿಪ್ಪು ಒತ್ತಿ, ಹಣ ಇಸಿದುಕೊಂಡು ಬೈಕು ಹತ್ತಿದ. ಎಂಜಿನ್ನು ಹೂಂಕರಿಸಿತು. ಅದು ಯಾರಿಗೂ ಕೇಳಿಸಿದಂತಿರಲಿಲ್ಲ.

"ಯಾರಿಗೆ ಕೊಡೋದು ಇದನ್ನ?"

"ಮೂಡಿಗೆರೆಗೆ ಒಯ್ತಾ ಇದೀನಿ."

"ಅಲ್ಲೇ ಇರೋದು ಕತೆ," ಎಂದರು ಇಬ್ಬರೂ ಒಟ್ಟಿಗೆ, ಆ ದಿನ ಮೊದಲ ಬಾರಿಗೆ ಒಮ್ಮತದಿಂದ. "ಈಗ ಮಾರ್ಬೇಡಿ. ಗಾಡಿ ತಿರುಗ್ಸಿ."